ನಿಂಬೆಹುಳಿ ತಗುಲಿದ ಟೈರು

ಹರಿಹರ, ಫೆಬ್ರವರಿ ಮೂವತ್ತು, ೨೨೯೧

ಮಹಾನಂದವ್ವಾ,

ಮೇಲಿನ ತಾರೀಖು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ಗುಡಿಸಿ ವರ್ಷದ ಕೊನೆಗೆ ಹಾಕಿದ್ದೇವೆ. ಅವಕ್ಕೆ ಉಳಿಕೆ ದಿನಗಳು ಎಂದು ಹೆಸರು. ಆಗ ಯಾರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಬರೆಯುವ ಕನ್ನಡವನ್ನು ನಾನು ಕಲಿತದ್ದು ಹಳೆಯ ಪದ್ಯಗಳಿಂದ ಮತ್ತು ನೀವು ಟೈರು ಕಂಪನಿಗೆ ಬರೆದ ದೂರುಗಳಿಂದ. ಎರಡೂ ಬೆರೆತು ಎಲ್ಲಾದರೂ ಅಸಂಬದ್ಧವಾದರೆ ಮನ್ನಿಸಿ.

ನಾನು ನೀರಜೆ, ನಿಮ್ಮ ಮಗಳ ವಂಶದವಳು. ನಿಮ್ಮ ದೂರಿನ ಈಗಿನ ವಾರಸುದಾರಳು. ನಿಮ್ಮ ಕಾಲದಲ್ಲಿ ಮನೆ, ಹೊಲ, ಬಂಗಾರ ವಾರಸಾಗಿ ಬರುತ್ತಿದ್ದವಂತೆ. ನಮ್ಮಲ್ಲಿ ಹಾಗೆ ಬಿಟ್ಟುಹೋಗುವಂಥದ್ದು ಯಾರ ಬಳಿಯೂ ಉಳಿದಿಲ್ಲ. ಇತ್ಯರ್ಥವಾಗದ ದೂರು ಮಾತ್ರ ಹಿರಿಯರಿಂದ ಕಿರಿಯರಿಗೆ ಇಳಿಯುತ್ತದೆ. ಇದನ್ನು ದೂರುವಾರಸಿಕೆ ಎನ್ನುತ್ತೇವೆ. ಮದುವೆಯ ಮಾತುಕತೆಗೆ ಬಂದವರು ನೀರು ಕುಡಿದು ಮೊದಲು ಕೇಳುವುದೇ "ನಿಮ್ಮದು ಯಾವ ದೂರ್ರಿ?" ಎಂದು. ಪಕ್ಕದ ಮನೆಯವರದು ಕುಸಿದ ಸೇತುವೆಯ ದೂರು. ಎದುರು ಮನೆಯವರದು ಯಾವುದೋ ಔಷಧದ್ದು. ನಮ್ಮನ್ನು ಊರಲ್ಲಿ ಟೈರಿನವರು ಎಂದೇ ಕರೆಯುತ್ತಾರೆ, ಟೈರು ಎಂದರೇನೆಂದು ಕರೆಯುವವರಿಗೆ ಗೊತ್ತಿರುವುದಿಲ್ಲ.

ಕಾರುಗಳು ಹೋಗಿ ಎಷ್ಟೋ ತಲೆಮಾರಾಯಿತು. ನೀವು ನಿಮ್ಮ ತಂಗಿ ದಾಕ್ಷಾಯಣಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ ಹೆದ್ದಾರಿ ಮಾತ್ರ ಈಗಲೂ ಇದೆ. ಅದರ ಮೇಲೆ ಜೋಳ ಒಣಹಾಕುತ್ತೇವೆ. ಸಂಜೆ ಬಿಸಿ ಇಳಿದ ಮೇಲೆ ಹೆಂಗಸರು ಅದರ ಮೇಲೆ ಕಾಲು ಚಾಚಿ ಕೂರುತ್ತಾರೆ. ದೂರ ಹೋಗುವವರು ತೂಗುಗಾಡಿ ಹತ್ತುತ್ತಾರೆ. ಕಂಬದಿಂದ ಕಂಬಕ್ಕೆ ಬಿಗಿದ ಹಗ್ಗಕ್ಕೆ ಜೋತುಬಿದ್ದ ಪೆಟ್ಟಿಗೆ ಅದು, ನೆಲ ಮುಟ್ಟುವುದಿಲ್ಲ, ಚಕ್ರವೂ ಬೇಕಿಲ್ಲ. ತುಂಗಭದ್ರೆ ಮಳೆಗಾಲದಲ್ಲಿ ಸ್ವಲ್ಪ ದಿನ ಹರಿದು ನಿಲ್ಲುತ್ತಾಳೆ. ಮಿಕ್ಕಂತೆ ನಾವು ಕುಡಿಯುವುದು ಮಂಜುಬಲೆಯ ನೀರನ್ನು. ಮಾಳಿಗೆಯ ಮೇಲೆ ಕಟ್ಟಿದ ಬಟ್ಟೆ ಬೆಳಗಿನ ತೇವ ಹಿಡಿಯುತ್ತದೆ, ಎದ್ದು ಹಿಂಡಿಕೊಳ್ಳುತ್ತೇವೆ. ಅನ್ನಕ್ಕೂ ಸಾರಿಗೂ ಕಣ್ಣೀರಿಗೂ ಒಂದೇ ನೂಲಿನ ರುಚಿ. ಅಭ್ಯಾಸವಾಗಿದೆ.

ನಿಮ್ಮ ಟೈರು ನಡುಮನೆಯಲ್ಲಿ ಹಲಗೆಯ ಮೇಲೆ, ಹತ್ತಿಬಟ್ಟೆ ಹೊದ್ದುಕೊಂಡು ಇದೆ. ಪಕ್ಕ ಸೀಳಿ ತುಟಿಯಂತೆ ತೆರೆದಿದೆ. ಹೊಸ ಟೈರಿನ ಮೈಮೇಲೆ ಸಣ್ಣ ಮುಳ್ಳಿನಂಥ ರಬ್ಬರ್ ಎಳೆಗಳು ಇರುತ್ತವಲ್ಲ, ಅವು ಅಂಚಿನಲ್ಲಿ ಇನ್ನೂ ಹಾಗೇ ಇವೆ. ನಮ್ಮ ವಾದವೆಲ್ಲ ಅಷ್ಟೇ. ಎಳೆಗಳೇ ಉದುರದ ಟೈರು ರಾಣೆಬೆನ್ನೂರು ದಾಟುವ ಮೊದಲೇ ಒಡೆದು, ಕಾರು ಮಗುಚಿ, ಒಂದು ಜೀವ ಹೋಯಿತೆಂದರೆ ತಪ್ಪು ತಯಾರಿಸಿದವರದು. ನಿಮ್ಮ ಮೊದಲ ದೂರಿನಲ್ಲಿರುವುದೂ ಇದೇ. ಗಾಳಿ ಕಡಿಮೆ ಇತ್ತು ಎಂದು ಕಂಪನಿ ನಿಮಗೆ ಉತ್ತರಿಸಿತು. ನಿಮ್ಮ ಮಗಳು ಬರೆದಾಗ, ಕಲ್ಲು ಬಡಿದಿದೆ ಎಂದಿತು. ಅವಳ ಮಗನಿಗೆ, ರಸ್ತೆ ಮಾಡಿದವರನ್ನು ಕೇಳಿ ಎಂದಿತು. ಆಮೇಲೆ ಆ ಕಂಪನಿಯನ್ನು ಇನ್ನೊಂದು ಕೊಂಡಿತು, ಅದನ್ನು ಮತ್ತೊಂದು. ಈಗ ನಿಮ್ಮ ಟೈರಿಗೆ ಉತ್ತರ ಹೇಳಬೇಕಾದವರು ಉಪ್ಪು ಮಾರುತ್ತಾರೆ. ಅವರು ಎಂದರೆ ಮನುಷ್ಯರಲ್ಲ. ಹುಬ್ಬಳ್ಳಿಯಲ್ಲಿ ಅವರದೊಂದು ಉತ್ತರಮನೆ ಇದೆ: ಬಾಗಿಲಿಲ್ಲದ ಕಟ್ಟಡ, ಗೋಡೆಯಲ್ಲೊಂದು ಕಿಂಡಿ, ಕಿಂಡಿಯೊಳಗೊಂದು ದನಿ.

ಹೋದ ವರ್ಷ ಆ ದನಿ ಟೈರನ್ನು ತಂದು ತೋರಿಸಿ ಎಂದಿತು. ಇಷ್ಟು ತಲೆಮಾರುಗಳಲ್ಲಿ ಮೊದಲ ಸಲ. ಅಕ್ಕನ ಮಗಳು ಸುಗ್ಗಿಯನ್ನು ಜೊತೆಗೆ ಕರೆದುಕೊಂಡು ಹೊರಟೆ. ನನ್ನ ನಂತರ ದೂರು ಅವಳಿಗೇ ಇಳಿಯಬೇಕು. ತೂಗುಗಾಡಿಯಲ್ಲಿ ಟೈರನ್ನು ಇಬ್ಬರೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆವು. ಎದುರು ಕೂತಿದ್ದ ಮುದುಕ ಬಹಳ ಹೊತ್ತು ನೋಡಿ, "ಏನವ್ವಾ, ಯಾರದರ ಬಾವಿ ಬಾಯಿ ಕಿತಗೊಂಡು ಹೊಂಟೀರೇನು?" ಎಂದ. "ಹೌದ್ರಿ ಯಜ್ಜಾ, ಬಗ್ಗಿ ನೋಡಬ್ಯಾಡ್ರಿ, ಬಿದ್ದಗಿದ್ದೀರಿ" ಎಂದಳು ಸುಗ್ಗಿ. ಪೆಟ್ಟಿಗೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಗೆದ್ದೇ ಬರುತ್ತೇವೆ ಎಂದು ಆಗ ಅನ್ನಿಸಿತ್ತು.

ಇಲ್ಲಿ ಆಯುಧಪೂಜೆಯ ಮಾತು ಹೇಳಬೇಕು. ಅವಘಡವಾದದ್ದು ಆ ಹಬ್ಬದ ದಿನವೇ ಅಲ್ಲವೇ? ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು, ಅದರ ಮೇಲೆ ಕಾರು ಹಾಯಿಸಿಯೇ ನೀವು ಹೊರಟದ್ದು. ಮರುವರ್ಷ ಅದೇ ಹಬ್ಬದಲ್ಲಿ ಈ ಒಡೆದ ಟೈರಿಗೂ ವಿಭೂತಿ ಹಚ್ಚಿ, ಹೂ ಏರಿಸಿ, ನಿಂಬೆಹಣ್ಣು ಕೊಯ್ದು ಮೈಗೆಲ್ಲ ಒತ್ತಿದಿರಂತೆ, ಸಾಕ್ಷಿಗೆ ಯಾರ ಕಣ್ಣೂ ತಗುಲದಿರಲಿ ಎಂದು. ಅಂದಿನಿಂದ ನಿಮ್ಮ ಮಕ್ಕಳು, ಮೊಮ್ಮಕ್ಕಳು, ನಮ್ಮವ್ವ, ನಾನು, ಯಾರೂ ಒಂದು ವರ್ಷವೂ ತಪ್ಪಿಸಿಲ್ಲ. ಇಡೀ ಓಣಿಗೆ ಒಂದೇ ನಿಂಬೆಗಿಡ ಉಳಿದಿರುವ ಈ ಕಾಲದಲ್ಲೂ ಅದರ ಮೊದಲ ಹಣ್ಣು ಟೈರಿಗೆ ಮೀಸಲು.

ಉತ್ತರಮನೆ ಟೈರನ್ನು ಒಳಗೆಳೆದುಕೊಂಡಿತು. ನಾವು ಗೋಡೆಯ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡೆವು. ಆಮೇಲೆ ದನಿ ಬಂತು. ಬಹಳ ಮೆದುವಾದ ದನಿ, ಯಾವ ಊರಿನದೂ ಅಲ್ಲದ ಕನ್ನಡ. "ಮಾನ್ಯ ಗ್ರಾಹಕರೇ, ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ಟೈರಿನ ಪದರಗಳಲ್ಲಿ ನಿಂಬೆಯ ಹುಳಿ ಕಂಡುಬಂದಿದೆ. ಒಡೆಯುವ ಮೊದಲು ತಗುಲಿದ ಹುಳಿ, ಆಮೇಲೆ ತಗುಲಿದ ಹುಳಿ ಎಂದು ಬೇರ್ಪಡಿಸಲು ಸಾಧ್ಯವಿಲ್ಲ. ಆದ್ದರಿಂದ ಇದು ತಯಾರಿಕೆಯ ದೋಷವಲ್ಲ, ಬಳಕೆಯ ದೋಷ."

ಸುಗ್ಗಿ ಕಿಂಡಿಗೆ ಬಾಯಿಟ್ಟು ಕೂಗಿದಳು: "ನಿಂಬಿಹಣ್ಣಿಗೆ ಒಡಿಯೋ ಟೈರ್ ಯಾಕ್ ಮಾಡಿದ್ರಿ ಮತ್ತ?"

"ಮಾನ್ಯ ಗ್ರಾಹಕರೇ, ನಿಮ್ಮ ಸಲಹೆಗೆ ಧನ್ಯವಾದಗಳು."

ತಿರುಗಿ ಬರುವಾಗ, ಕಿಂಡಿ ವಾಪಸು ಕೊಟ್ಟ ಟೈರನ್ನು ಅವಳೊಬ್ಬಳೇ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಊರು ಹತ್ತಿರ ಬಂದಾಗ ಟೈರಿನ ಎಳೆಗಳನ್ನು ಬೆರಳಲ್ಲಿ ಸವರುತ್ತ, "ಪೂಜಿ ಮಾಡಿ ಮಾಡಿ ನಾವೇ ಕೆಡಿಸಿದ್ವಿ ಚಿಗವ್ವ" ಎಂದಳು.

ತಿರಸ್ಕೃತವಾದ ದೂರನ್ನು ಹೊಸ ವಾರಸುದಾರರು ಮಾತ್ರ ಮತ್ತೆ ಎತ್ತಬಹುದು. ಈ ವರ್ಷದ ಉಳಿಕೆ ದಿನಗಳು ಬರುವುದರೊಳಗೆ ಸುಗ್ಗಿ ಟೈರಿನ ಮೇಲೆ ಕೈಯಿಟ್ಟು "ನನ್ನದು" ಎನ್ನಬೇಕು. ಅನ್ನದಿದ್ದರೆ ಟೈರು ಅರೆಯುವ ಗಿರಣಿಗೆ ಹೋಗುತ್ತದೆ, ಅದರೊಂದಿಗೆ ದಾಕ್ಷಾಯಣಿಯ ಹೆಸರೂ ಅಳಿಯುತ್ತದೆ. ಸತ್ತವರ ಹೆಸರು ನಮ್ಮಲ್ಲಿ ಜೀವಂತವಿರುವ ದೂರಿನೊಳಗೆ ಮಾತ್ರ ಉಳಿಯುತ್ತದೆ. ಕಲ್ಲಿನ ಮೇಲೆ ಕೆತ್ತಲು ಜಾಗವಿಲ್ಲ, ನೆನಪಿಟ್ಟುಕೊಳ್ಳಲು ಜನರಿಗೆ ತ್ರಾಣವಿಲ್ಲ.

ನಾನು ಟೈರಿನ ಬಟ್ಟೆ ಸರಿಸಿ ಅವಳನ್ನು ಕರೆದೆ. ಅವಳು ಕೈ ಹಿಂದೆ ಕಟ್ಟಿಕೊಂಡು ನಿಂತಳು.

"ಮುಟ್ತೀನಿ. ಮೊದಲ ಹೇಳು, ದಾಕ್ಷಾಯಣಿ ಹೆಂಗಿದ್ಲು?"

ಮುಂದಿನ ಎಡ ಸೀಟಿನಲ್ಲಿದ್ದಳು, ಬೆಲ್ಟು ಹಾಕಿಕೊಂಡಿದ್ದಳು ಎಂದೆ.

"ಅದು ಕಂಪನಿಗೆ ಹೇಳೋ ಮಾತು. ನಾ ಅದನ್ನ ಕೇಳಿಲ್ಲ. ಜೋರ್ ನಗತಿದ್ಲಾ? ಸಿಟ್ಟಿನಾಕಿನಾ? ಚಾಕ್ಕ ಸಕ್ರಿ ಎಷ್ಟ್ ಹಾಕೋತಿದ್ಲು? ಒಂದರ ಹೇಳು, ಈಗ ಮುಟ್ತೀನಿ."

ಅವ್ವಾ, ನನಗೆ ಟೈರಿನ ಅಳತೆ ಗೊತ್ತು. ಅದು ಯಾವ ವಾರ ತಯಾರಾಯಿತು ಎಂದು ಗೊತ್ತು. ಯಾವ ಪದರ ಯಾವ ಪದರವನ್ನು ಬಿಟ್ಟುಕೊಟ್ಟಿತು ಎಂದು ಕಣ್ಣುಮುಚ್ಚಿ ಬೆರಳಿಟ್ಟು ತೋರಿಸಬಲ್ಲೆ. ನಿಮ್ಮ ತಂಗಿಯ ಬಗ್ಗೆ ನನಗೆ ಏನೂ ಗೊತ್ತಿಲ್ಲ. ನಮ್ಮವ್ವನಿಗೂ ಗೊತ್ತಿರಲಿಲ್ಲ. ಅವಳಿಗಾಗಿ ಹಿಡಿದ ದೂರಿನಲ್ಲಿ ನಾವೆಲ್ಲ ಟೈರನ್ನೇ ಸಾಕಿದೆವು.

ಸುಮ್ಮನೆ ಏನಾದರೂ ಕಟ್ಟಿ ಹೇಳಬಹುದಿತ್ತು. ಬಹಳ ನಗುತ್ತಿದ್ದಳು ಎಂದಿದ್ದರೆ ಸುಗ್ಗಿ ನಂಬುತ್ತಿದ್ದಳು. ಬಾಯಿ ಬರಲಿಲ್ಲ.

ಈ ಪತ್ರವನ್ನು ಹಿಂದಂಚೆಗೆ ಹಾಕುತ್ತೇನೆ. ಕಳೆದ ಕಾಲಕ್ಕೆ ಪತ್ರ ಒಯ್ಯುವ ಕಚೇರಿ ಅದು. ಅವಘಡಕ್ಕೆ ಮುಂಚಿನ ದಿನಕ್ಕೆ ಅವರು ಪತ್ರ ತೆಗೆದುಕೊಳ್ಳುವುದಿಲ್ಲ. "ಎಲ್ಲಾರೂ ಅದನ್ನ ಕೇಳ್ತಾರ್ರಿ" ಎಂದು ಕಿಟಕಿಯ ಹೆಂಗಸು ಮುಖ ತಗ್ಗಿಸಿದಳು. ಆದ್ದರಿಂದ ಆ ಕಾರು ಹತ್ತಬೇಡಿ ಎಂದು ನಾನು ಬರೆಯಲಾರೆ. ನೀವು ಮೊದಲ ದೂರು ಬರೆಯಲು ಕೂತ ಬೆಳಿಗ್ಗೆ ಇದು ನಿಮ್ಮ ಕೈ ಸೇರಬೇಕು. ದೂರು ಬರೆಯಿರಿ. ಬರೆದು ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು, ಬರೆಯದೆ ಇರಲು ನಿಮ್ಮಿಂದ ಆಗುವುದಿಲ್ಲ ಎಂದೂ ಗೊತ್ತು. ಕೊನೆಯಲ್ಲಿ, ಸಹಿ ಹಾಕುವ ಮೊದಲು, ನಿಮ್ಮ ತಂಗಿಯ ಬಗ್ಗೆ ಒಂದು ಸಾಲು ಸೇರಿಸಿ. ಕಂಪನಿಗೆ ಅದು ಬೇಕಾಗಿಲ್ಲ. ನಮಗೆ ಬೇಕು.

ನೀವು ಆ ಸಾಲು ಬರೆದರೆ ಅದು ಎಲ್ಲಿಂದಲೋ ಬರಬೇಕಾಗಿಲ್ಲ. ನಿಮ್ಮ ಮೊದಲ ದೂರಿನ ಪ್ರತಿ ನಮ್ಮ ಮನೆಯಲ್ಲೇ ಇದೆ. ಎಂದರೆ, ಬರೆದಿದ್ದರೆ ಅದು ಈಗಾಗಲೇ ಅಲ್ಲಿರಬೇಕಿತ್ತು. ಈ ಪತ್ರ ಶುರುಮಾಡುವ ಮೊದಲು ಅದನ್ನು ತೆಗೆದು ಓದಿದೆ. ಟೈರಿನ ಅಳತೆಯ ಕೆಳಗೆ ಸ್ವಲ್ಪ ಖಾಲಿ ಜಾಗ, ಅದರ ಕೆಳಗೆ ನಿಮ್ಮ ಸಹಿ.

ಆದರೂ ಕಿಟಕಿಯಲ್ಲಿ ಪತ್ರ ಕೊಟ್ಟು ಬಂದು ಆ ಪ್ರತಿಯನ್ನು ಇನ್ನೊಮ್ಮೆ ತೆಗೆದು ನೋಡುತ್ತೇನೆ. ಸುಗ್ಗಿ ಚಹಾಕ್ಕೆ ನೀರಿಟ್ಟಿದ್ದಾಳೆ. ನಾನು ಬರುವವರೆಗೆ ಸಕ್ಕರೆ ಹಾಕಬೇಡ ಎಂದು ಹೇಳಿದ್ದೇನೆ.

ನಿಮ್ಮ
ನೀರಜೆ