ತೊಳೆದ ರಕ್ತ

ನವೆಂಬರ್ 5, ಬುಧವಾರ

ಇವತ್ತೂ ಮಾತ್ರೆ ಇಲ್ಲ. ಇಷ್ಟು ವರ್ಷ ರಾತ್ರಿ ಊಟವಾದ ಮೇಲೆ ತಿಂದದ್ದು, ರಕ್ತ ತೆಳು ಮಾಡುವ ಮಾತ್ರೆ. ಎದೆಯೊಳಗೆ ಕೂರಿಸಿದ ಹಳೆ ಲೋಹದ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಎಂದು. ಸೋಮವಾರ ಅದನ್ನು ಬದಲಿಸಲು ಪುನಃ ಆಪರೇಷನ್. ಈಗ ತಿಂದರೆ ರಕ್ತ ನಿಲ್ಲುವುದಿಲ್ಲವಂತೆ. ಬದಲಿಗೆ ಇಂಜೆಕ್ಷನ್. ತಿಂದರೂ ಹೆದರಿಕೆ, ಬಿಟ್ಟರೂ ಹೆದರಿಕೆ. ಆಸ್ಪತ್ರೆ ಮಂಚದಲ್ಲಿ ವಾಲ್ವಿನ ಟಿಕ್ ಟಿಕ್ ಕೇಳುತ್ತಾ ಮಲಗಿದ್ದೇನೆ. ನಿಂತರೆ...?

ನವೆಂಬರ್ 6

ಮೊದಲ ಆಪರೇಷನ್‌ನಲ್ಲಿ ಬೇರೆಯವರ ರಕ್ತ ಕೊಟ್ಟಿದ್ದರು. ಅದರಿಂದಾಗಿ ಈಗ ಯಾರದ್ದೂ ಸುಲಭಕ್ಕೆ ಹೊಂದುವುದಿಲ್ಲ. ಹಾಗಾಗಿ ಆಪರೇಷನ್ ಹೊತ್ತಿಗೆ ಸೋರುವ ನನ್ನ ರಕ್ತವನ್ನೇ ಮಿಷಿನ್‌ನಲ್ಲಿ ತೊಳೆದು ನನಗೇ ಕೊಡುತ್ತಾರಂತೆ.

ಇವರ ಅಕ್ಕ ದೇಯಿ ಹೌಹಾರಿದರು. "ಎಂತ ಮಾರಾಯ್ತಿ! ಮಿಲ್ಲಿನಲ್ಲಿ ಮೆಣಸು ಹುಡಿ ಮಾಡಿದ ಮೇಲೆ ಅಕ್ಕಿ ಹಾಕಿದ್ರೆ ಖಾರ ಬರುದಿಲ್ವಾ? ನಿನ್ನೆ ಅದ್ರಲ್ಲಿ ಯಾರದ್ದು ತೊಳ್ದಿದ್ದಾರೋ!"

ಇವರೂ ತಲೆಯಾಡಿಸಿದರು. "ಬೇಡ ಹೇಳುವ, ಜಯಾ."

ಖಾರ... ಅದೇ ತಲೆಯಲ್ಲಿ.

ನವೆಂಬರ್ 8

ಮಿಷಿನ್ ನಡೆಸುವ ಶರೊನ್ ಬಂದಾಗ ಕೇಳಿಯೇಬಿಟ್ಟೆ. ಏಳನೇ ಕ್ಲಾಸ್ ಬಿಟ್ಟು ದೋಣಿ ನಿಲ್ಲುವ ದಕ್ಕೆಯಲ್ಲಿ ಮೀನು ಮಾರಿದವಳು, ನಾಚಿಕೆ ಎಂತದ್ದು.

"ಪೈಪು, ಬಟ್ಟಲು ಎಲ್ಲ ಒಬ್ಬೊಬ್ಬರಿಗೆ ಹೊಸತು ಆಂಟಿ. ಆಮೇಲೆ ಬಿಸಾಡುದು."

"ಪ್ಯಾಕೆಟ್ ತೋರಿಸು. ನೋಡದೆ ನಾನು ಟೇಬಲ್ ಹತ್ತುದಿಲ್ಲ."

"ದೊಡ್ಡ ಡಾಕ್ಟರ್ ಬೈತಾರೆ."

"ನನಗೇ ಬಂದು ಬೈಲಿ."

ಇವರಿಗೆ ಸಿಟ್ಟು. "ಅಕ್ಕ ಬೇಡ ಹೇಳಿದ್ದು ಕೇಳ್ಲಿಲ್ವಾ?"

"ನಿಮ್ಮ ಅಕ್ಕ ಮದುವೆಯಾದಂದಿನಿಂದ ಹೇಳ್ತಾರೆ, ನಾನು ಈ ಮನೆಯವರ ರಕ್ತ ಕುಡಿದೆ ಅಂತ. ಈ ಸಲ ನನ್ನದೇ ಕುಡೀತೇನೆ, ಬಿಡಿ!"

ದೇಯಿ ಅಕ್ಕನಿಗೇ ನಗು ತಡೆಯಲಾಗಲಿಲ್ಲ. ಒಪ್ಪಿಗೆಯ ಸೈನ್ ನಾನೇ ಹಾಕಿದೆ. ಅಕ್ಷರ ಸೊಟ್ಟ. ಇರಲಿ, ಹೆಸರು ನನ್ನದೇ.

ನವೆಂಬರ್ 10, ಬೆಳಿಗ್ಗೆ

ಶರೊನ್ ಪ್ಯಾಕೆಟ್ ತಂದಳು. ತಿರುಗಿಸಿ ತಿರುಗಿಸಿ ನೋಡಿದೆ. ಸೀಲ್ ಒಡೆದಿಲ್ಲ. ಆದರೂ ಹೆದರಿಕೆ ಹೋಗಲಿಲ್ಲ — ಅದೂ ಬರಲಿ ಜೊತೆಗೆ.

"ಈಗಲೂ ಬೇಡ ಹೇಳ್ಬಹುದು," ದೇಯಿ ಅಕ್ಕ ಕಿವಿಯಲ್ಲಿ ಹೇಳಿದರು. ಕಣ್ಣು ಕೆಂಪಾಗಿತ್ತು.

"ಹೇಳುದಿಲ್ಲ ಅಕ್ಕ."

ಟ್ರಾಲಿ ಬಂತು. ನರ್ಸ್ ಪೆನ್ನಿಗೆ ಕೈ ಚಾಚಿದ್ದಾಳೆ. ನಿಲ್ಲಲಿ. ಈ ಗೆರೆ ಬರೆದೇ ಕೊಡುವುದು. ರಕ್ತ ನನ್ನದು, ಒಂದು ತೊಟ್ಟೂ ಬೇರೆಯವರದ್ದು—