ಸ್ಟೇಟ್‌ಮೆಂಟಿನಲ್ಲಿ ಬರುವ ಹೆಸರು

ಹೊಲಿಗೆ ಶೆಡ್ಡು, ಕಿಟಕಿ ಪಕ್ಕದ ಮೇಜು
ತಾರೀಖು ೧೪, ಮಂಗಳವಾರ, ಬೆಳಗಿನ ಹತ್ತು ಗಂಟೆ

ಪ್ರೀತಿಯ ಹಠಮಾರಿ ಸೊಸೆಗೆ,

ಹೇಗಿದ್ದೀಯೇ? ಆಪರೇಶನ್ ಆಗಿದ್ದು ಒಂದು ಕಣ್ಣಿಗೆ, ಪಟ್ಟಿ ಕಟ್ಟಿದ್ದು ಎರಡಕ್ಕೂ ಎಂದು ನಿನ್ನ ಗಂಡ ಬಂದು ಹೇಳಿದಾಗ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಒಂದು ಕಣ್ಣು ಆಡಿದರೆ ಇನ್ನೊಂದೂ ಜೊತೆಗೆ ಆಡುತ್ತದಂತೆ, ಅದಕ್ಕೇ ಎರಡಕ್ಕೂ ರಜೆ ಕೊಟ್ಟಿದ್ದಾರಂತೆ. ಸರಿ, ಡಾಕ್ಟರು ನನಗಿಂತ ಓದಿದವರು. ನೋವು ಕಡಿಮೆಯಾಗಿದೆಯಾ? ಅಂಗಾತ ಮಲಗು ಎಂದಿದ್ದಾರಲ್ಲ, ಮಲಗುತ್ತಿದ್ದೀಯಾ, ಇಲ್ಲಾ ಅಲ್ಲೂ ನಿನ್ನದೇ ಕಾರುಬಾರು ನಡೆದಿದೆಯಾ? ವಾರ್ಡಿನಲ್ಲಿ ಫೋನು ಬಿಡುವುದಿಲ್ಲ ಎಂದು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಬಿಟ್ಟಿದ್ದರೆ ಪಟ್ಟಿಯ ಸಂದಿಯಿಂದಲೇ ಆರ್ಡರು ನೋಡುತ್ತಿದ್ದೆ ನೀನು. ಇದನ್ನು ಓದಿ ಹೇಳುತ್ತಿರುವ ನರ್ಸಮ್ಮಾ, ನಿಮಗೂ ನಮಸ್ಕಾರ. ನನ್ನ ಅಕ್ಷರ ದುಂಡಗಿದೆ, ಬಾಯಿ ಮಾತ್ರ ಸ್ವಲ್ಪ ಜೋರು. ಬೈಗುಳ ಬಂದ ಕಡೆ ದಯವಿಟ್ಟು ಹಾರಿಸಬೇಡಿ. ಅದಿಲ್ಲದಿದ್ದರೆ ಇದು ನಾನೇ ಬರೆದದ್ದು ಎಂದು ಅವಳು ನಂಬುವುದಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಗಂಡ ಅಡುಗೆಮನೆಗೆ ಇಳಿದಿದ್ದಾನೆ. ಒಂದು ದಿನ ಉಪ್ಪೇ ಇರುವುದಿಲ್ಲ, ಇನ್ನೊಂದು ದಿನ ಉಪ್ಪು ಬಿಟ್ಟರೆ ಬೇರೇನೂ ಇರುವುದಿಲ್ಲ. ಹೆತ್ತವಳು ನಾನೇ ಆದ್ದರಿಂದ ಯಾರ ಹತ್ತಿರವೂ ದೂರು ಹೇಳುವಂತಿಲ್ಲ. ಆರು ಹೊಲಿಗೆ ಮಶೀನುಗಳೂ ಓಡುತ್ತಿವೆ. ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಡಬಾರದು ಎಂದು ಹೆಂಗಸರೆಲ್ಲ ಸೇರಿ ಅದರ ಮೇಲೆ ಹಸಿರು ಬಟ್ಟೆಯ ಸುರುಳಿ ಇಟ್ಟಿದ್ದಾರೆ. ನಿನ್ನೆ ನಾನು ಮರೆತು ಕೂರಲು ಹೋದೆ. ನನ್ನನ್ನೇ ಎಬ್ಬಿಸಿಬಿಟ್ಟರು ನೋಡು, ಶೆಡ್ಡಿನ ಒಡತಿಯನ್ನು!

ಈಗ ವಿಷಯಕ್ಕೆ ಬರುತ್ತೇನೆ. ಅವಳ ಹತ್ತಿರ ವ್ಯಾಪಾರದ ಮಾತು ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಗೊತ್ತು. ಆದರೆ ರೈಲು ಹತ್ತುವಾಗ ನೀನು ನನ್ನ ಕೈ ಹಿಡಿದು “ಎಲ್ಲಾ ನನ್ನ ಕಣ್ಣಿಂದಾನೇ ಹಾಳಾಯ್ತು ಅತ್ತೆ” ಎಂದೆಯಲ್ಲ, ಆ ಮಾತು ಅವತ್ತಿನಿಂದ ನನ್ನನ್ನು ಕೊರೆಯುತ್ತಿದೆ. ಕಾರ್ಡ್ ಕಂಪನಿಯ ನೋಟೀಸು ಬಂದ ದಿನದಿಂದ ನೀನು ಅದನ್ನೇ ಎದೆಗೆ ಹಚ್ಚಿಕೊಂಡು ಕೂತಿದ್ದೆ. ಕೊಂಡವರಲ್ಲಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಜನ ತಮ್ಮ ಬ್ಯಾಂಕಿಗೆ ಹೋಗಿ ‘ಈ ಖರೀದಿ ನನ್ನದಲ್ಲ’ ಎಂದು ತಕರಾರು ಹಾಕುತ್ತಿದ್ದಾರೆ, ಆದ್ದರಿಂದ ಮೂವತ್ತನೇ ತಾರೀಖಿನಿಂದ ನಿಮ್ಮ ಪರವಾಗಿ ಕಾರ್ಡಿನ ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದು ಬರೆದಿದ್ದರು. ನಮಗೆ ಬರುವ ಆರ್ಡರೆಲ್ಲ ಕಾರ್ಡಿನಲ್ಲೇ. ಅದು ನಿಂತರೆ ಆರು ಮಶೀನೂ ನಿಂತ ಹಾಗೆ. ಕಣ್ಣು ಮಂಜಾಗಿ ಹೊಲಿಗೆ ಸೊಟ್ಟಗಾಯಿತು, ಚಪ್ಪಲಿಯ ಮೇಲಿನ ಕಪ್ಪೆಮುಖದ ಒಂದು ಕಣ್ಣು ಮೇಲೆ ಒಂದು ಕೆಳಗೆ ಬಂತು, ಕೊಂಡವರಿಗೆ ಸಿಟ್ಟು ಬಂದು ದುಡ್ಡು ವಾಪಸು ಕೇಳುತ್ತಿದ್ದಾರೆ ಎಂದು ನೀನೇ ತೀರ್ಮಾನ ಮಾಡಿಕೊಂಡೆ. ಒಂದೊಂದು ಜೊತೆಯನ್ನೂ ಭೂತಗನ್ನಡಿ ಹಿಡಿದು ನೋಡಲು ಶುರು ಮಾಡಿ ಇದ್ದಬದ್ದ ದೃಷ್ಟಿಯನ್ನೂ ಕಳೆದುಕೊಳ್ಳಲು ಹೊರಟೆ. ಕೇಳಿಲ್ಲಿ. ತಪ್ಪು ನಿನ್ನ ಕಣ್ಣಿನದಲ್ಲ. ಒಂದೇ ಒಂದು ಹೊಲಿಗೆಯದೂ ಅಲ್ಲ. ಹೇಗೆ ಗೊತ್ತಾಯಿತು ಎಂದು ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

ನೀನು ಹೋದ ಮೇಲೆ ತಕರಾರು ಹಾಕಿದವರ ಪಟ್ಟಿ ಮುಂದಿಟ್ಟುಕೊಂಡು ಕೂತೆ. ನೂರಾ ಹನ್ನೆರಡು ಜನ. ನಿನ್ನ ಗಂಡ “ಎಲ್ಲರಿಗೂ ಒಂದು ಇಮೇಲ್ ಹಾಕಿದ್ರೆ ಆಯ್ತಮ್ಮಾ” ಎಂದ. ಇಪ್ಪತ್ತೇಳು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು ನಾನು, ಇಮೇಲ್ ಹಾಕುತ್ತೇನಾ? ಒಬ್ಬೊಬ್ಬರಿಗೇ ಫೋನು ಮಾಡಿದೆ. ಮೊದಲ ಎಂಟು ಜನರಲ್ಲಿ ಕೆಲವರು ಎತ್ತಲಿಲ್ಲ, ಕೆಲವರು ಯಾರೋ ಮೋಸಗಾರ್ತಿ ಎಂದು ಇಟ್ಟುಬಿಟ್ಟರು. ಒಂಬತ್ತನೆಯವರು ನನ್ನ ವಯಸ್ಸಿನ ಒಬ್ಬ ಅಜ್ಜಿ. ತಕರಾರಿನ ವಿಷಯ ಎತ್ತಿದ ಕೂಡಲೇ ಎಗರಿಬಿದ್ದರು. “ನೋಡಮ್ಮಾ, ನಾನ್ಯಾಕೆ ಸೈಕಲ್ ತಗೊಳ್ಳಲಿ? ಮೆಟ್ಟಿಲು ಹತ್ತೋಕೇ ಮಂಡಿ ಬಿಡಲ್ಲ ನಂಗೆ!” ನನಗೆ ತಲೆಬುಡ ಅರ್ಥವಾಗಲಿಲ್ಲ. ಕಪ್ಪೆಮುಖದ ಚಪ್ಪಲಿ ತರಿಸಿಕೊಂಡಿದ್ದಿರಾ ಎಂದು ಕೇಳಿದೆ. ಅವರ ದನಿಯೇ ಬದಲಾಯಿತು ಕಣೇ! ಮೊಮ್ಮಗಳು ಅದನ್ನು ಹಾಕಿಕೊಂಡೇ ಮಲಗುತ್ತಾಳಂತೆ, ಸ್ನಾನಕ್ಕೂ ಬಿಚ್ಚುವುದಿಲ್ಲವಂತೆ, ಒಂದು ದಾರ ಬಿಟ್ಟಿಲ್ಲವಂತೆ. ಹಾಗಾದರೆ ತಕರಾರು ಯಾಕೆ ಹಾಕಿದಿರಿ ಎಂದರೆ, ಕಾರ್ಡಿನ ಸ್ಟೇಟ್‌ಮೆಂಟ್ ತಂದು ಓದಿ ಹೇಳಿದರು. ಅದರಲ್ಲಿ ಚಪ್ಪಲಿಯ ಸುದ್ದಿಯೇ ಇಲ್ಲ. ‘ಜೋಡಿಚಕ್ರ ಸೈಕಲ್ ಶಾಪ್’ ಎಂದಿದೆ.

ಇನ್ನೊಂದು ಸಲ ಓದಿ ಎಂದೆ, ಅದೇ ಬಂತು. ನಿನ್ನ ಮಾವನ ಅಂಗಡಿಯ ಹೆಸರು. ಮೂರು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಆ ಕಂಪನಿಯ ಫಾರಂ ತುಂಬುವಾಗ ನೀನು ಅಂಗಡಿ ಹೆಸರಿನ ಸಾಲಿಗೆ ಬಂದು ಬೆರಳು ತಡೆದು, “ಅತ್ತೆ, ಇಲ್ಲಿ ಚಪ್ಪಲಿ ಹೆಸರು ಹಾಕೋಣ್ವಾ?” ಎಂದು ಕೇಳಿದ್ದೆ. ನಾನು ಏನು ಹೇಳಿದೆ ಎಂಬುದು ನಿನಗೆ ನೆನಪಿದೆ, ನನಗೂ ನೆನಪಿದೆ. “ಅವರು ಹೋಗಿ ಆರು ತಿಂಗಳಾಗಿಲ್ಲ, ಆಗಲೇ ಹೆಸರು ಅಳಿಸ್ತೀಯಾ?” ಎಂದಿದ್ದೆ. ನೀನು ಅಲ್ಲಿ ಜೋಡಿಚಕ್ರ ಎಂದೇ ಬರೆದೆ. ಆಗ ದಿನಕ್ಕೆ ಹತ್ತು ಜೊತೆ ಹೋಗುತ್ತಿದ್ದವು, ಕೊಳ್ಳುವವರೆಲ್ಲ ಸೈಕಲ್ ಅಂಗಡಿಯನ್ನು ಬಲ್ಲವರು, ಯಾರಿಗೂ ಅನುಮಾನ ಬರಲಿಲ್ಲ. ನೀನು ಕಪ್ಪೆ ಮಾಡಿದ್ದೇ ಮಾಡಿದ್ದು, ದಿನಕ್ಕೆ ಮುನ್ನೂರು ಜೊತೆಯಾಯಿತು. ಎಲ್ಲೆಲ್ಲಿಯವರೋ ತರಿಸಿಕೊಂಡರು. ಅವರಿಗೆ ನಿನ್ನ ಮಾವ ಯಾರು, ಜೋಡಿಚಕ್ರ ಯಾವುದು? ನಾಲ್ಕು ದಿನ ಗಂಟಲು ಹರಿದುಕೊಂಡು ಮಾತಾಡಿದೆ. ಅರವತ್ತೊಂದು ಜನ ಸಿಕ್ಕರು, ಅದರಲ್ಲಿ ಐವತ್ತಮೂರು ಜನ ಹೇಳಿದ್ದು ಇದೇ ಸೈಕಲ್ಲಿನ ಕಥೆ. ಹೊಲಿಗೆ ಸರಿಯಿಲ್ಲ ಎಂದವರು ಒಬ್ಬರೂ ಇಲ್ಲ. ಒಬ್ಬರೂ ಇಲ್ಲ ಕಣೇ! ನರ್ಸಮ್ಮಾ, ಈ ಸಾಲನ್ನು ಇನ್ನೊಂದು ಸಲ ಓದಿಬಿಡಿ.

ಮೂವತ್ತೆಂಟು ಜನ ಆಗಲೇ ತಕರಾರು ವಾಪಸು ತೆಗೆದುಕೊಂಡಿದ್ದಾರೆ. ಅದನ್ನೆಲ್ಲ ಬರೆದು ಕಂಪನಿಗೆ ಕಳಿಸಿದರೆ, ಮನುಷ್ಯರು ಬರೆಯದ ಉತ್ತರವೊಂದು ಬಂತು. ನೋಟೀಸು ನೋಟೀಸೇ ಅಂತೆ. ಹಾಗಾಗಿ ಬೇರೆ ದಾರಿ ಹುಡುಕುವುದು ನನ್ನ ಪಾಲಿಗೆ ಬಂತು. ಈ ಕಂಪನಿಯನ್ನೇ ಕಾಲು ಹಿಡಿದು ಉಳಿಸಿಕೊಳ್ಳೋಣವೆಂದರೆ ಅವರು ನೂರಕ್ಕೆ ಹತ್ತಿರ ಹತ್ತಿರ ಮೂರು ಕಿತ್ತುಕೊಳ್ಳುತ್ತಾರೆ. ಹತ್ತು ಜೊತೆ ಮಾರುವಾಗ ಅದು ಲೆಕ್ಕಕ್ಕಿರಲಿಲ್ಲ. ಖಾತೆ ತೆರೆಯಲು ಹತ್ತು ನಿಮಿಷ ಸಾಕಾಗಿತ್ತು, ತಿಂಗಳ ಫೀಸೂ ಇರಲಿಲ್ಲ. ಮುನ್ನೂರು ಮಾರುವಾಗ ಮಾತ್ರ ಅದು ಹೊಟ್ಟೆ ಉರಿಸುತ್ತದೆ. ಇನ್ನೊಂದು ಕಂಪನಿಯ ಏಜೆಂಟ್ ಟೈ ಹಾಕಿಕೊಂಡು ಮನೆಗೇ ಬಂದ. ನೂರಕ್ಕೆ ಒಂದೂವರೆ ಸಾಕು ಎಂದ. ನಿನ್ನ ಗಂಡ ಅಲ್ಲೇ ಕರಗಿಹೋದ, “ಕಡಿಮೆ ಅಂದ್ರೆ ಕಡಿಮೇನೇ ಅಲ್ವಾಮ್ಮಾ” ಎಂದು ಪೆನ್ನು ತೆಗೆದ. ನಾನು ಪೆನ್ನು ಕಿತ್ತುಕೊಂಡು ಕಾಗದವನ್ನೆಲ್ಲ ಓದಿದೆ. ಏಳನೇ ಪುಟದಲ್ಲಿತ್ತು ಮಜಾ. ಮೂರು ವರ್ಷ ಬಿಡುವಂತಿಲ್ಲ, ಬಿಟ್ಟರೆ ಉಳಿದ ತಿಂಗಳುಗಳ ಫೀಸೆಲ್ಲ ಒಟ್ಟಿಗೇ ಕಟ್ಟಬೇಕು. ಸಾಲದ್ದಕ್ಕೆ ಕಾರ್ಡ್ ಉಜ್ಜುವ ಮಶೀನಿಗೆ ತಿಂಗಳ ಬಾಡಿಗೆ. ಕೌಂಟರೇ ಇಲ್ಲದ ಅಂಗಡಿಗೆ ಉಜ್ಜುವ ಮಶೀನು ಯಾಕಪ್ಪಾ, ಕಪ್ಪೆ ಕೈಯಲ್ಲಿ ಕೊಡಲಾ ಎಂದು ಕೇಳಿದೆ. ಅವನಿಗೆ ಇನ್ನೊಂದು ಕಡೆ ಕೆಲಸ ನೆನಪಾಯಿತು.

ಮೂರನೆಯದು ಬ್ಯಾಂಕು. ಅಲ್ಲೊಬ್ಬರು ದಪ್ಪ ಕನ್ನಡಕದ ಮೇಡಂ ಇದ್ದಾರೆ. ಹೆಚ್ಚು ಮಾರುವವರಿಗೆ ಬೇರೆಯದೇ ವ್ಯಾಪಾರಿ ಖಾತೆ ಇದೆಯಂತೆ. ಒಂದೊಂದು ಮಾರಾಟದಲ್ಲೂ ಕಾರ್ಡಿನವರ ಪಾಲೆಷ್ಟು, ಅದರ ಮೇಲೆ ಬ್ಯಾಂಕಿನ ಪಾಲೆಷ್ಟು ಎಂದು ಬಿಡಿಸಿ ತೋರಿಸುತ್ತಾರೆ. ತಿಂಗಳಿಗೊಂದು ಫೀಸು ಇದೆ, ಕಾಗದಪತ್ರ ಕೇಳಿ ಪ್ರಾಣ ತಿನ್ನುತ್ತಾರೆ, ಎಂಟು ದಿನ ಕಾಯಬೇಕು. ಆದರೆ ನಮ್ಮ ಮಾರಾಟಕ್ಕೆ ಎಲ್ಲ ಸೇರಿ ನೂರಕ್ಕೆ ಎರಡೂಕಾಲು ದಾಟುವುದಿಲ್ಲ, ಮತ್ತು ತಕರಾರು ಬಂದರೆ ಮೊದಲು ನಮ್ಮನ್ನು ಕೇಳುತ್ತಾರೆ. ಆದರೂ ಬಾಯಿಮಾತು ನಂಬುವವಳೇ ನಾನು? ನನ್ನ ಹಳೇ ಕಸುಬಿನ ಪ್ರಕಾರ ಪರೀಕ್ಷೆ ಮಾಡಿದೆ. ಮೂರು ಕಡೆಗೂ ಮಧ್ಯಾಹ್ನ ಊಟದ ಹೊತ್ತಿಗೇ ಫೋನು ಮಾಡಿ ‘ನಮಗೆ ತೊಂದರೆಯಾಗಿದೆ’ ಎಂದೆ. ಕಂಪನಿಯವರು ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಟೈ ಹಾಕಿದವನು ಒಂದೇ ರಿಂಗಿಗೆ ಎತ್ತಿ, ತೊಂದರೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಲೈನು ಸರಿಯಿಲ್ಲ ಎಂದ. ಲೈನಿನ ವಿಷಯ ನನಗೆ ಹೇಳುತ್ತಾನೆ! ಮೇಡಂ ಏಳನೇ ರಿಂಗಿಗೆ ಏದುಸಿರು ಬಿಡುತ್ತಾ ಎತ್ತಿ “ಬಾಯಲ್ಲಿ ತುತ್ತಿದೆ, ಒಂದ್ನಿಮಿಷ ಇರಿ, ಇಡಬೇಡಿ” ಎಂದರು. ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ನಿನ್ನೆ ಫಾರಂ ತರಲು ಹೋಗಿದ್ದೆ. ಮೇಡಂ ಕೇಳಿದ ಮೊದಲ ಪ್ರಶ್ನೆಯೇ “ಗ್ರಾಹಕರ ಸ್ಟೇಟ್‌ಮೆಂಟಲ್ಲಿ ಯಾವ ಹೆಸರು ಬರಬೇಕು?” ಎಂದು. ಸಣ್ಣ ಸಣ್ಣ ಮನೆ ಹಾಕಿದ ಒಂದು ಸಾಲು. ನಿನ್ನ ಮಾವ ಇದ್ದಿದ್ದರೆ ಏನು ಹೇಳುತ್ತಿದ್ದರು ಎಂದು ಯೋಚಿಸಿದೆ. ಪಂಕ್ಚರ್ ಎಲ್ಲಿದೆ ಎಂದು ಗೊತ್ತಾದ ಮೇಲೂ ಗಾಳಿ ಹೊಡೆಯುತ್ತಾ ಕೂತವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಕಣ್ಣು ತುಂಬಿ ಬಂತು, ಮೇಡಂ ನೀರು ತರಿಸಿದರು. ಕುಡಿದು, ಮೂಗು ಒರೆಸಿಕೊಂಡು, ಬರೆದು ಬಂದೆ. ಏನು ಬರೆದೆ ಎಂದು ಈಗ ಹೇಳುವುದಿಲ್ಲ.

ಶುಕ್ರವಾರ ಪಟ್ಟಿ ಬಿಚ್ಚುತ್ತಾರಲ್ಲ. ಎಲ್ಲ ಸರಿಹೋಗುತ್ತದೆ ಎಂದು ನನ್ನ ಮನಸ್ಸು ಹೇಳುತ್ತಿದೆ. ಹೆದರಬೇಡ, ಕಣ್ಣು ಉಜ್ಜಬೇಡ, ನರ್ಸಮ್ಮನ ಮಾತು ಕೇಳು. ಹೊಲಿಗೆಯ ಹೆಂಗಸರೆಲ್ಲ ನಿನ್ನನ್ನು ಕೇಳಿದರು. ಮಂಡಿನೋವಿನ ಆ ಅಜ್ಜಿಯೂ ಕೇಳಿದರು, ಮೊಮ್ಮಗಳ ಕಾಲು ಬೆಳೆಯುತ್ತಿದೆ, ದೊಡ್ಡ ಕಪ್ಪೆ ಯಾವಾಗ ಎಂದು. ನೂರು ವರ್ಷ ಎಲ್ಲವನ್ನೂ ಕಣ್ತುಂಬ ನೋಡುತ್ತಾ ಬಾಳು ತಾಯಿ. ನರ್ಸಮ್ಮಾ, ನಿಮ್ಮ ಕೆಲಸ ಇಲ್ಲಿಗೆ ಮುಗಿಯಿತು. ಇದರ ಜೊತೆ ಪಿನ್ನು ಹೊಡೆದು ಮಡಿಸಿಟ್ಟ ಹಾಳೆಯನ್ನು ಮಾತ್ರ ಬಿಚ್ಚಬೇಡಿ. ಅದನ್ನು ಶುಕ್ರವಾರ ಅವಳ ಕೈಗೇ ಕೊಡಿ.

ಇಂತಿ,
ನಿನಗಿಂತ ದೊಡ್ಡ ಹಠಮಾರಿ,
ನಿನ್ನ ಅತ್ತೆ

ತಾ.ಕ.: ಕಾಣಿಸುತ್ತಿದೆಯೇನೇ? ದೊಡ್ಡ ಅಕ್ಷರದಲ್ಲೇ ಬರೆದಿದ್ದೇನೆ. ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಮುಗಿಸುತ್ತೇನೆ. ಬ್ಯಾಂಕಿನ ಫಾರಂ ಈ ಮಡಿಸಿದ ಹಾಳೆಯೊಳಗೇ ಇದೆ. ಆ ಸಣ್ಣ ಮನೆಗಳಲ್ಲಿ ‘ಕಪ್ಪೆ ಚಪ್ಪಲಿ’ ಎಂದು ತುಂಬಿದ್ದೇನೆ. ನಿನ್ನ ಮಾವನ ಬೋರ್ಡು ಶೆಡ್ಡಿನ ಗೋಡೆಯ ಮೇಲೇ ಇರುತ್ತದೆ, ಗೋಡೆಗೆ ಯಾರೂ ತಕರಾರು ಹಾಕುವುದಿಲ್ಲ. ಈಗ ಅದರ ಕೆಳಗಿನ ಸಾಲು ನೋಡು. ‘ಮಾಲೀಕರು’ ಎಂದಿದೆ. ಇಷ್ಟು ದಿನ ಎಲ್ಲ ಕಾಗದದಲ್ಲೂ ಆ ಸಾಲಿನಲ್ಲಿ ನನ್ನ ಹೆಸರಿತ್ತು, ಈಗ ನಿನ್ನದು ಬರೆದಿದ್ದೇನೆ. ನನಗೆ ಯಾರೂ ಹೇಳಿಕೊಟ್ಟಿಲ್ಲ, ನಿನ್ನ ಗಂಡನಿಗೂ ಇನ್ನೂ ಗೊತ್ತಿಲ್ಲ. ಮೂರು ವರ್ಷದ ಹಿಂದೆಯೇ ನಿನ್ನ ಮಾತು ಕೇಳಬೇಕಿತ್ತು, ನನ್ನದು ತಪ್ಪಾಯಿತು. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡಿ ಭಾನುವಾರ ಅಲ್ಲಿಗೆ ಬರುವ ನಿನ್ನ ಗಂಡನ ಕೈಯಲ್ಲಿ ಕಳಿಸು. ಸೋಮವಾರ ಬ್ಯಾಂಕಿನ ಬಾಗಿಲು ತೆಗೆಯುವಾಗ ನಾನು ಅಲ್ಲಿರುತ್ತೇನೆ. ಸಹಿ ಸೊಟ್ಟಗೆ ಬಂದರೂ ಪರವಾಗಿಲ್ಲ. ನಿನ್ನ ಕಣ್ಣಿಂದ ನೋಡಿ ಹಾಕಿದ್ದಾದರೆ ಸಾಕು.