ಸುಸ್ತಲ್ಲ, ಬುಘಾತ್

ಸೆಬು, 2023 ಮಾರ್ಚ್ 6

ನಿಲ್ಡಾ ಇವತ್ತೂ ಸೌಟು ಕೊಡಲಿಲ್ಲ. ಹೋಟೆಲು ನನ್ನದು, ಸೌಟು ನಾದಿನಿಯದು! "ಅತ್ತಿಗೆ, ಸುಮ್ನೆ ಕೂತ್ಕೊಳ್ಳಿ. ತಣ್ಣೀರು ಮುಟ್ಟಿದ್ರೆ ಮತ್ತೆ ಬುಘಾತ್ ಆಗತ್ತೆ." ಕಾಯಿಲೆಯಿಂದೆದ್ದು ಬೇಗ ಕೆಲಸಕ್ಕಿಳಿದವರನ್ನು ಮತ್ತೆ ಕೆಡವುವ ಕಾಟಕ್ಕೆ ನಮ್ಮಲ್ಲಿ ಅದೇ ಹೆಸರು. ನನಗೆ ಕೋವಿಡ್ ಬಂದುಹೋಗಿ ವರ್ಷವಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು, ಹೇಳಿದ್ದು ನಿಂತಲ್ಲೇ ಮರೆವು... ಮೈಯೆಲ್ಲ ಉರಿಯುತ್ತದೆ, ಸಿಟ್ಟಿಗೆ.

ಆಸ್ಪತ್ರೆಯಲ್ಲಿ ಮದ್ದಿನ ಪ್ರಯೋಗವಂತೆ. ಕೊಲ್ಚಿಸಿನ್ — ಕೀಲಿನ ಊತದ ಮಾತ್ರೆ, ಈಗ ಹೃದಯಕ್ಕೂ ಕೊಡುತ್ತಾರೆ. ಕೋವಿಡ್ ಬಿಟ್ಟುಹೋದ ಕಾಟಕ್ಕೂ ಆದೀತೇ ಎಂದು ನೋಡುತ್ತಾರಂತೆ. ಬೆರ್ಟಿಂಗ್ ಮಾವ ಹೋಟೆಲಲ್ಲಿ ಕೂತು ಕೋಳಿಗಂಜಿ ಕುಡಿಯುತ್ತ ನಕ್ಕರು: "ಅದು ನನ್ನ ಕಾಲಿನ ಹೆಬ್ಬೆರಳಿನ ಮಾತ್ರೆ ಕಣೇ ಸೊಲಿ! ನಿನ್ನ ತಲೆಗೆ ಕೊಡ್ತಾರಾ?"

ಕೊಡಲಿ. ಹೋಗುತ್ತೇನೆ.

ಮಾರ್ಚ್ 9

ಸೇರಿಸಿಕೊಳ್ಳಲಿಲ್ಲ! ಡಾಕ್ಟರ್ ಯಾಪ್, ಮನಿಲಾದ ಹುಡುಗಿ, ನಮ್ಮೂರ ಮಾತಿಗೆ ಹೊಸಬಳು, ಕೇಳಿದಳು: "ಸುಸ್ತಾಗತ್ತಾ?"

"ಕೆಲಸ ಮಾಡೋಕೇ ಬಿಡಲ್ಲ, ಸುಸ್ತು ಎಲ್ಲಿಂದ ಬರ್ಬೇಕು?" ಅಂದೆ.

ಸುಸ್ತಿಲ್ಲ ಎಂದು ಬರೆದುಕೊಂಡು ಕಳಿಸಿಬಿಟ್ಟಳು. ದಾರಿಯಲ್ಲಿ ಎರಡು ಸಲ ಕೂರಬೇಕಾಯಿತು. ಆಮೇಲೆ ಹೊಳೆಯಿತು, ಅವಳು ಕೇಳಿದ್ದು ಇದನ್ನೇ... ಎಂಥ ಪೆದ್ದಿ ನಾನು.

ಮಾರ್ಚ್ 10

ಮತ್ತೆ ಹೋದೆ. "ಡಾಕ್ಟ್ರೇ, ಸುಸ್ತಲ್ಲ, ಬುಘಾತ್. ಸುಸ್ತು ಮಲಗಿದ್ರೆ ಹೋಗತ್ತೆ. ಇದು ಮಲಗಿ ಎದ್ರೂ ಇರತ್ತೆ. ಬುಘಾತ್ ಇದ್ಯಾ ಅಂತ ಕೇಳಿ ನೋಡಿ, ನಮ್ಮ ಬೀದಿಯೋರೆಲ್ಲ ಹೂಂ ಅಂತಾರೆ."

ಪೆನ್ನು ಕೆಳಗಿಟ್ಟಳು. "ಮೊದ್ಲೇ ಹೇಳ್ಬಾರ್ದಿತ್ತಾ?"

"ನೀವು ಕೇಳ್ಬಾರ್ದಿತ್ತಾ?"

ಸೇರಿಸಿಕೊಂಡಳು. ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಹುಸಿ ಮಾತ್ರೆ. ನನ್ನದು ಯಾವುದೋ, ಅವಳಿಗೂ ಗೊತ್ತಿಲ್ಲ.

ಅಕ್ಟೋಬರ್ 2

ಫಲಿತಾಂಶ ಬಂತು. ನನ್ನದು ನಿಜವಾದ ಮದ್ದೇ. ಆದರೆ ಹುಸಿ ನುಂಗಿದವರಿಗಿಂತ ನಮಗೇನೂ ಹೆಚ್ಚು ಗುಣವಾಗಿಲ್ಲ. ಯಾಪ್ ಮುಖ ಸಪ್ಪಗಾಗಿತ್ತು. "ಕ್ಷಮಿಸಿ ಅಕ್ಕಾ..."

ಅಳು ಬಂತು, ನುಂಗಿದೆ. "ಇನ್ನೊಂದು ಮದ್ದು ಹುಡುಕಿ. ಮೊದಲ ಹೆಸರು ನಂದು ಬರ್ಕೊಳ್ಳಿ."

ಅಕ್ಟೋಬರ್ 3, ಬೆಳಿಗ್ಗೆ

ಗುಣವಾಗಲಿ ಎಂದು ಇನ್ನು ಕಾಯುವುದಿಲ್ಲ. ಒಲೆಯ ಪಕ್ಕ ಸ್ಟೂಲು ಹಾಕಿ ಕೂತು ಸೌಟು ಕಿತ್ತುಕೊಂಡೆ.

"ಬಿದ್ರೆ ಏನ್ ಗತಿ ಅತ್ತಿಗೆ?"

"ಬಿದ್ರೆ ಎತ್ತು!"

ಸಾರು ಕುದಿಯುತ್ತಿದೆ. ಉಪ್ಪು ಹಾಕಿದೆನೋ ಇಲ್ಲವೋ ಮರೆತಿದ್ದೇನೆ. ನಿಲ್ಡಾ ನೋಡುತ್ತಿದ್ದಾಳೆ. ಅವಳನ್ನು ಕೇಳುವುದಿಲ್ಲ. ರುಚಿ ನೋಡಿ ನಾನೇ ತಿಳಿದುಕೊಳ್ಳುತ್ತೇನೆ.